ಒಂದು ಅಕ್ಷರ ಹೆಚ್ಚಾದಾಗ

2022ರ ನವೆಂಬರ್ 1ರಂದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ರಾಜ್ಯೋತ್ಸವ ನಡೆಯುತ್ತಿದ್ದ ಹೊತ್ತಿಗೆ ಜಗತ್ತಿನ ಸರ್ವರ್ ನಿರ್ವಾಹಕರು ಒಂದು ತಂತ್ರಾಂಶದ ಹೊಸ ಆವೃತ್ತಿಗಾಗಿ ಕಾದು ಕುಳಿತಿದ್ದರು. ಅದರ ಹೆಸರು ಓಪನ್‌ಎಸ್‌ಎಸ್‌ಎಲ್. ಬ್ಯಾಂಕಿನದೋ ಸರ್ಕಾರದ್ದೋ ಜಾಲತಾಣ ತೆರೆದಾಗ ವಿಳಾಸದ ಪಕ್ಕ ಬೀಗದ ಗುರುತು ಕಾಣುತ್ತದಲ್ಲ, ಅಸಂಖ್ಯ ವೆಬ್ ಸರ್ವರ್‌ಗಳಲ್ಲಿ ಆ ಬೀಗದ ಕೆಲಸ ಮಾಡುವುದು ಇದೇ. ಅದರಲ್ಲಿ ಗಂಭೀರ ದೋಷವೊಂದು ಸಿಕ್ಕಿದೆ, ನವೆಂಬರ್ 1ಕ್ಕೆ ತಿದ್ದುಪಡಿ ಕೊಡುತ್ತೇವೆ, ಸಿದ್ಧವಾಗಿರಿ ಎಂದು ಅದನ್ನು ನೋಡಿಕೊಳ್ಳುವವರು ಅಕ್ಟೋಬರ್ 25ರಂದೇ ಹೇಳಿಟ್ಟಿದ್ದರು.

ಹೇಳಿದ ದಿನವೇ 3.0.7 ಆವೃತ್ತಿ ಬಂತು. ಅದರಲ್ಲಿ ಸರಿಪಡಿಸಿದ್ದ ಎರಡು ದೋಷಗಳಲ್ಲಿ ಒಂದರ ತಿರುಳು ಇಷ್ಟೇ. ಪ್ರೋಗ್ರಾಮಿನಲ್ಲಿ 512 ಅಕ್ಷರ ಹಿಡಿಯುವ ಒಂದು ಜಾಗವಿತ್ತು. ಒಂದೊಂದು ಅಕ್ಷರ ಇಡುವ ಮೊದಲೂ ‘ಈವರೆಗೆ ಬರೆದದ್ದು ಮಿತಿಗಿಂತ ಹೆಚ್ಚಾಗಿದ್ದರೆ ನಿಲ್ಲು’ ಎಂಬ ಪರೀಕ್ಷೆಯೂ ಇತ್ತು. ಅದು ‘ಹೆಚ್ಚಾಗಿದ್ದರೆ ಅಥವಾ ಸಮನಾಗಿದ್ದರೆ’ ಎಂದು ಇರಬೇಕಿತ್ತು. ಒಂದು ಸಮ ಚಿಹ್ನೆ ಬಿಟ್ಟುಹೋಗಿದ್ದರಿಂದ 512 ಅಕ್ಷರ ತುಂಬಿದ ಮೇಲೂ ಇನ್ನೊಂದಕ್ಕೆ ಅಪ್ಪಣೆ ಸಿಗುತ್ತಿತ್ತು. ಆ 513ನೆಯ ಅಕ್ಷರ ನಾಲ್ಕು ಬೈಟ್ ಉದ್ದ. ತನಗೆ ಸೇರದ ಪಕ್ಕದ ಜಾಗದಲ್ಲಿ ಅದು ಹೋಗಿ ಕೂರುತ್ತಿತ್ತು. ಇದಕ್ಕೆ ಬಫರ್ ಓವರ್‌ಫ್ಲೋ ಎನ್ನುತ್ತಾರೆ.

ಕನ್ನಡಿಗರು ಗಮನಿಸಬೇಕಾದ ಸಂಗತಿ ಮುಂದಿದೆ. ಆ ದೋಷ ಇದ್ದದ್ದು ‘ಪ್ಯುನಿಕೋಡ್’ ಬಿಡಿಸುವ ಭಾಗದಲ್ಲಿ. ಅಂತರಜಾಲದ ವಿಳಾಸಗಳು ಮೊದಲಿನಿಂದಲೂ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಲ್ಲಷ್ಟೇ ಓಡಾಡುತ್ತ ಬಂದವು. ಕನ್ನಡ, ಅರಬ್ಬಿ, ಚೀನಿ ಲಿಪಿಗಳ ವಿಳಾಸವನ್ನು ಆ ಹಳೆಯ ಅಚ್ಚಿಗೆ ಇಳಿಸಿ ಮತ್ತೆ ಮೂಲ ಲಿಪಿಗೆ ತರಲು 2003ರಲ್ಲಿ ಗೊತ್ತುಪಡಿಸಿದ ವಿಧಾನವೇ ಪ್ಯುನಿಕೋಡ್. ಅಂದರೆ ಇಂಗ್ಲಿಷ್ ಅಲ್ಲದ ಲಿಪಿಯವರಿಗಾಗಿಯೇ ಬರೆದ ಸಾಲುಗಳಲ್ಲಿ ಎಣಿಕೆ ತಪ್ಪಿತ್ತು. ಅದು ಬೆಳಕಿಗೆ ಬಂದ ದಿನ ನಮ್ಮ ರಾಜ್ಯೋತ್ಸವವಾದದ್ದು ಕಾಕತಾಳೀಯ. ಲಿಪಿಗೂ ಈ ಬಗೆಯ ದೋಷಕ್ಕೂ ಇರುವ ಸಂಬಂಧ ಮಾತ್ರ ಕಾಕತಾಳೀಯವಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ಮೊದಲು ದೋಷ ಹೇಗೆ ಕೆಲಸ ಮಾಡುತ್ತದೆ ನೋಡೋಣ. ನಮ್ಮ ಕಡೆ ಉತಾರ ಎನ್ನುವ ಪಹಣಿ ಪತ್ರಿಕೆಯನ್ನು ಕೈಬರಹದ ಕಾಲದಲ್ಲಿ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. 9ನೆಯ ಕಾಲಂನಲ್ಲಿ ಜಮೀನುದಾರರ ಹೆಸರು, 10ರಲ್ಲಿ ಅದು ಅವರಿಗೆ ಬಂದ ಬಗೆ, 11ರಲ್ಲಿ ಸಾಲದ ಬೋಜಾ. ಹೆಸರು ಉದ್ದವಾದರೆ ತಲಾಟಿ ಅಕ್ಷರ ಸಣ್ಣದು ಮಾಡಿ, ಎರಡು ಸಾಲು ಮಾಡಿ, ಗೆರೆ ದಾಟದಂತೆ ಬರೆಯುತ್ತಿದ್ದರು. ಒಂದು ವೇಳೆ ದಾಟಿದರೂ ಓದುವವರಿಗೆ ಗೊತ್ತಾಗುತ್ತಿತ್ತು. ಈಗ ಗೆರೆಗಳೇ ಇಲ್ಲದ ಒಂದು ಉತಾರವನ್ನು ಊಹಿಸಿಕೊಳ್ಳಿ. ಮೊದಲ ಇಷ್ಟು ಅಕ್ಷರ ಹೆಸರಿಗೆ, ಅದರ ಮುಂದಿನ ಇಷ್ಟು ಬೋಜಾಕ್ಕೆ ಎಂಬ ಬಾಯಿಮಾತಿನ ಕರಾರು ಮಾತ್ರ ಇದೆ. ಬರೆಯುವವರು ಎಣಿಸದೆ ಬರೆಯುತ್ತ ಹೋದರೆ ಹೆಸರಿನ ಬಾಲ ಬೋಜಾದ ಮೇಲೆ ಬೀಳುತ್ತದೆ. ಓದುವವರು ಅದನ್ನು ಬೋಜಾ ಎಂದೇ ಓದುತ್ತಾರೆ.

ಕಂಪ್ಯೂಟರಿನ ಮೆಮೊರಿ ಹೀಗೇ ಇರುತ್ತದೆ. ಒಂದರ ಪಕ್ಕ ಒಂದು ಬೈಟ್, ನಡುವೆ ಗೋಡೆ ಇಲ್ಲ. ವೆಬ್ ಸರ್ವರ್ ಎಂಬ ಪ್ರೋಗ್ರಾಮು ಹೊರಗಿನಿಂದ ಬಂದ ಕೋರಿಕೆಯನ್ನು ತೆಗೆದುಕೊಂಡು ಈ ಮೆಮೊರಿಯಲ್ಲಿ ಒಂದಷ್ಟು ಜಾಗ ಗೊತ್ತುಮಾಡಿ ಅಲ್ಲಿ ಇಡುತ್ತದೆ. ಆ ಜಾಗವೇ ಬಫರ್. ಅದರ ಆಚೆಗೆ, ಕೆಲವೇ ಬೈಟ್ ದೂರದಲ್ಲಿ, ಇನ್ನೊಂದು ಸಂಖ್ಯೆ ಕುಳಿತಿರುತ್ತದೆ. ಈ ಕೆಲಸ ಮುಗಿದ ಮೇಲೆ ಪ್ರೋಗ್ರಾಮು ಎಲ್ಲಿಗೆ ಮರಳಿ ಹೋಗಬೇಕು ಎಂದು ಹೇಳುವ ವಿಳಾಸ ಅದು. ಬಂದ ಕೋರಿಕೆಯ ಉದ್ದವನ್ನು ಅಳೆಯದೆ ಸರ್ವರ್ ಬರೆಯುತ್ತ ಹೋದರೆ ಹೆಚ್ಚಾದ ಬೈಟ್‌ಗಳು ಆ ವಿಳಾಸದ ಮೇಲೆ ಬರುತ್ತವೆ. ಅವು ಸುಮ್ಮನೆ ಕಸವಾಗಿದ್ದರೆ ಪ್ರೋಗ್ರಾಮು ದಿಕ್ಕುತಪ್ಪಿ ನಿಂತುಹೋಗುತ್ತದೆ. ಯಾರೋ ಲೆಕ್ಕ ಹಾಕಿ ಕಳಿಸಿದ ಬೈಟ್‌ಗಳಾಗಿದ್ದರೆ ಅದು ಅವರು ಹೇಳಿದ ಕಡೆಗೆ ಹೋಗಿ ಅವರು ಕಳಿಸಿದ ಆಜ್ಞೆಯನ್ನೇ ನಡೆಸುತ್ತದೆ. ಪಾಸ್‌ವರ್ಡ್ ಕದಿಯಬೇಕಿಲ್ಲ, ಯಾರಿಗೂ ಮೋಸದ ಫೋನ್ ಮಾಡಬೇಕಿಲ್ಲ. ಒಂದು ಉದ್ದನೆಯ ಕೋರಿಕೆ ಸಾಕು, ಇಡೀ ಯಂತ್ರ ಕೈಗೆ ಬರುತ್ತದೆ.

ಇದು ಹೊಸ ರೋಗವಲ್ಲ. 1988ರ ನವೆಂಬರ್ 2ರಂದು ರಾಬರ್ಟ್ ಮೋರಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಹರಿಬಿಟ್ಟ ಪ್ರೋಗ್ರಾಮು ಆಗಿನ ಪುಟ್ಟ ಅಂತರಜಾಲದ ಸಾವಿರಾರು ಯಂತ್ರಗಳನ್ನು ಮಲಗಿಸಿತು. ಅದು ಹಿಡಿದ ದಾರಿಗಳಲ್ಲಿ ಒಂದು, ‘ಫಿಂಗರ್’ ಎಂಬ ಸೇವೆಯ 512 ಬೈಟ್‌ಗಳ ಬಫರಿಗೆ 536 ಬೈಟ್ ಕಳಿಸುವುದು. 1988ರಲ್ಲೂ 512, 2022ರಲ್ಲೂ 512. ನಡುವೆ 34 ವರ್ಷ. ಅದೇ ಜಾತಿಯ ತಪ್ಪು ಇಷ್ಟು ಕಾಲ ಬದುಕಿ ಉಳಿದದ್ದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ವೆಬ್ ಸರ್ವರ್‌ಗೆ ಇದು ತಗುಲಲು ತಡವಾಗಲಿಲ್ಲ. ಆರಂಭದ ದಿನಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಎನ್‌ಸಿಎಸ್‌ಎ ವೆಬ್ ಸರ್ವರ್‌ನಲ್ಲಿ 1995ರ ಫೆಬ್ರವರಿಯಲ್ಲೇ ಬಫರ್ ಓವರ್‌ಫ್ಲೋ ಪತ್ತೆಯಾಯಿತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರಜಾಲ ಕೊಟ್ಟದ್ದು ಆ ವರ್ಷದ ಆಗಸ್ಟ್ 15ರಂದು. ಅಂತರಜಾಲ ನಮ್ಮ ಮನೆಗೆ ಬರುವ ಮೊದಲೇ ಅದರ ಬಾಗಿಲಿನ ಬಿರುಕು ಗೊತ್ತಾಗಿತ್ತು. ಎನ್‌ಸಿಎಸ್‌ಎ ಸರ್ವರ್‌ಗೆ ಅಲ್ಲಲ್ಲಿ ತೇಪೆ ಹಾಕುತ್ತಿದ್ದವರೇ ಒಟ್ಟುಗೂಡಿ ಅದೇ ವರ್ಷ ಅಪಾಚೆ ಸರ್ವರ್ ಕಟ್ಟಿದರು. ಇಂದಿಗೂ ನಮ್ಮ ಊರುಗಳ ಎಷ್ಟೋ ಶಾಲೆ, ಕಾಲೇಜು, ಸಹಕಾರ ಸಂಘಗಳ ಜಾಲತಾಣ ನಡೆಯುವುದು ಅಪಾಚೆ ಇಲ್ಲವೆ ಎಂಜಿನ್ಎಕ್ಸ್ ಮೇಲೆ.

ಇನ್ನು ಲಿಪಿಯ ವಿಷಯ. ಲಕ್ಷ್ಮೇಶ್ವರ ಎಂದು ಬರೆಯಿರಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ: ಲ, ಕ್ಷ್ಮೇ, ಶ್ವ, ರ. ಕಂಪ್ಯೂಟರ್ ಯುನಿಕೋಡ್ ಪ್ರಕಾರ ಎಣಿಸಿದರೆ ಹನ್ನೊಂದು ಸಂಕೇತ. ಕ, ವಿರಾಮ, ಷ, ವಿರಾಮ, ಮ, ಏತ್ವ ಸೇರಿ ‘ಕ್ಷ್ಮೇ’ ಒಂದೇ ಆರಾಗುತ್ತದೆ. ವೆಬ್‌ನಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅಲ್ಲಿಗೆ 33 ಬೈಟ್. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 12 ಅಕ್ಷರ, 12 ಬೈಟ್. ಕನ್ನಡದ ಹೆಸರು ಜಾಲತಾಣದ ವಿಳಾಸದ ಸಾಲಿನೊಳಗೆ ಹೋದರಂತೂ ಪ್ರತಿ ಬೈಟ್‌ಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರ ಸೇರಿ ಮೂರು ಮೂರು ಆಗುತ್ತವೆ. ನಾಲ್ಕು ಅಕ್ಷರದ ಊರು 99 ಅಕ್ಷರವಾಗಿ ಸರ್ವರ್‌ನ ಬಾಗಿಲು ತಟ್ಟುತ್ತದೆ. ಶಿರಹಟ್ಟಿ 24 ಬೈಟ್, ಮುಂಡರಗಿ 21. ಗದಗ ಮಾತ್ರ ಮೂರೇ ಸಂಕೇತ, 9 ಬೈಟ್. ಗುಣಿತವಿಲ್ಲ, ಒತ್ತಿಲ್ಲ.

ಮೊಬೈಲಿನಲ್ಲಿ ಇದರ ಪರಿಣಾಮವನ್ನು ಎಲ್ಲರೂ ಅನುಭವಿಸಿದ್ದೇವೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದ್ದಕ್ಕೆ 70 ಸಂಕೇತ. ಅದಕ್ಕೇ ಕನ್ನಡದ ಸಂದೇಶ ಬೇಗ ತುಂಬಿ ಎರಡಾಗುತ್ತದೆ.

ನುಡಿ, ಬರಹಗಳ ಹಳೆಯ ಫಾಂಟ್ ಕಾಲದಲ್ಲಿ ಪ್ರಶ್ನೆ ಬೇರೆ ಇತ್ತು. ಆಗ ಅಕ್ಷರದ ಒಂದೊಂದು ಚೂರಿಗೂ ಒಂದೊಂದೇ ಬೈಟ್. ಯುನಿಕೋಡ್ ಬಂದದ್ದು ಕನ್ನಡಕ್ಕೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೈಟಿನ ಕಾಲದಲ್ಲಿ ಗೊತ್ತುಮಾಡಿದ ಜಾಗಕ್ಕೆ ಮೂರು ಬೈಟಿನ ಅಕ್ಷರಗಳನ್ನು ತುಂಬಿದರೆ ಏನಾಗುತ್ತದೆ? ‘ಮಲ್ಲಿಕಾರ್ಜುನಗೌಡ’ ಎಂಬ ಹೆಸರು ನಮ್ಮಲ್ಲಿ ತೀರ ಸಾಮಾನ್ಯ. ಅದಕ್ಕೆ 15 ಸಂಕೇತ, 45 ಬೈಟ್ ಬೇಕು. 32 ಬೈಟಿನ ಜಾಗದಲ್ಲಿ ಇಡಲು ಹೋದ ಪ್ರೋಗ್ರಾಮು ಎಚ್ಚರಿಕೆಯದಾಗಿದ್ದರೆ ಬಾಲ ಕತ್ತರಿಸುತ್ತದೆ. ಆಗ ‘ಮಲ್ಲಿಕಾರ್ಜ’ ಎಂದು ಬಂದು ಕೊನೆಗೊಂದು ಓದಲಾಗದ ಗುರುತು ಉಳಿಯುತ್ತದೆ, ಏಕೆಂದರೆ 32ನೆಯ ಬೈಟ್ ಬೀಳುವುದು ಒಂದು ಕೊಂಬಿನ ಮಧ್ಯೆ. ಒಬ್ಬ ರೈತನ ಹೆಸರು ಹೀಗೆ ಮುರಿದು ನಿಲ್ಲುವುದು ಅವಮಾನ, ಕಚೇರಿಯಿಂದ ಕಚೇರಿಗೆ ಅಲೆದಾಟ. ಆದರೆ ಅದು ಅಪಾಯವಲ್ಲ. ಪ್ರೋಗ್ರಾಮು ಅಳತೆಯನ್ನೇ ನೋಡದಿದ್ದರೆ ಉಳಿದ 13 ಬೈಟ್ ಪಕ್ಕದ ಮೆಮೊರಿಯ ಮೇಲೆ ಬೀಳುತ್ತವೆ. ಅಪಾಯ ಅಲ್ಲಿಂದ ಶುರು.

ಅಕ್ಷರದ ಲೆಕ್ಕವನ್ನೂ ಬೈಟಿನ ಲೆಕ್ಕವನ್ನೂ ಕಲಸಿಕೊಂಡ ತಪ್ಪಿಗೆ ವೆಬ್ ಸರ್ವರ್‌ನ ಚರಿತ್ರೆಯಲ್ಲೇ ನಿಜವಾದ ಸಾಕ್ಷಿ ಇದೆ. 2001ರ ಮೇ 1ರಂದು ಮೈಕ್ರೋಸಾಫ್ಟ್ ತನ್ನ ಐಐಎಸ್ 5.0 ವೆಬ್ ಸರ್ವರ್‌ನಲ್ಲಿ ಒಂದು ಬಫರ್ ಓವರ್‌ಫ್ಲೋ ಇದೆಯೆಂದು ಒಪ್ಪಿ ತಿದ್ದುಪಡಿ ಬಿಟ್ಟಿತು. ಅಂತರಜಾಲದ ಮೂಲಕ ಮುದ್ರಣ ಮಾಡಿಸುವ ಸೌಲಭ್ಯದಲ್ಲಿದ್ದ ದೋಷ ಅದು. ಸಾಮಾನ್ಯ ಅಕ್ಷರವನ್ನು ಎರಡು ಬೈಟಿನ ಯುನಿಕೋಡ್ ಅಕ್ಷರವಾಗಿ ಬದಲಿಸುವಾಗ, ಬಫರಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಹೇಳಬೇಕಾದ ಕಡೆ ಎಷ್ಟು ಬೈಟ್ ಇದೆ ಎಂದು ಹೇಳಿದ್ದರು. ಪ್ರೋಗ್ರಾಮು ಇರುವುದಕ್ಕಿಂತ ಎರಡು ಪಟ್ಟು ಜಾಗವಿದೆ ಎಂದು ನಂಬಿ ಬರೆಯಿತು. ಹಲವು ಲಿಪಿಗಳಿಗೆ ಒಂದೇ ಸಂಕೇತ ಪದ್ಧತಿ ತರುವ ಹಾದಿಯಲ್ಲೇ ಈ ಬಗೆಯ ತಪ್ಪುಗಳು ಕಾಲಿಗೆ ತೊಡರುತ್ತವೆ.

ನಮ್ಮ ನೆರೆಯ ಲಿಪಿಯಲ್ಲೂ ಇಂಥದೊಂದು ಪ್ರಕರಣ ನಡೆಯಿತು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಒಂದು ವಿಶೇಷ ಜೋಡಣೆಯಲ್ಲಿ ಸಂದೇಶವಾಗಿ ಬಂದರೆ ಐಫೋನಿನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು. ಆ್ಯಪಲ್ ಕಂಪನಿ ಫೆಬ್ರವರಿ 19ರಂದು ಅದನ್ನು ಸರಿಪಡಿಸಿ, ಇದು ಮೆಮೊರಿ ಕೆಡಿಸಬಲ್ಲ ದೋಷ ಎಂದೇ ಬರೆದುಕೊಂಡಿತು. ಒತ್ತಕ್ಷರಗಳ ನಾಡಿನವರು ಪರೀಕ್ಷಿಸಿ ನೋಡದ ತಂತ್ರಾಂಶ ಒತ್ತಕ್ಷರದ ಹತ್ತಿರವೇ ಮುಗ್ಗರಿಸುತ್ತದೆ.

2001ಕ್ಕೇ ಮರಳೋಣ. ಮೇ ತಿಂಗಳ ತಿದ್ದುಪಡಿಯ ಬೆನ್ನಿಗೇ, ಜೂನ್ 18ರಂದು, ಅದೇ ಐಐಎಸ್‌ನ ಇನ್ನೊಂದು ಭಾಗದ ಬಫರ್ ಓವರ್‌ಫ್ಲೋಗೆ ಮೈಕ್ರೋಸಾಫ್ಟ್ ತಿದ್ದುಪಡಿ ಕೊಟ್ಟಿತು. ಬಹಳ ಜನ ಹಾಕಿಕೊಳ್ಳಲಿಲ್ಲ. ಜುಲೈ ಮಧ್ಯದಲ್ಲಿ ‘ಕೋಡ್ ರೆಡ್’ ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹಬ್ಬುವ ಪ್ರೋಗ್ರಾಮು, ಕಾಣಿಸಿತು. ಅದು ಕಳಿಸುತ್ತಿದ್ದ ಕೋರಿಕೆಯಲ್ಲಿ ಇಂಗ್ಲಿಷಿನ ‘ಎನ್’ ಅಕ್ಷರ ಇನ್ನೂರಕ್ಕೂ ಹೆಚ್ಚು ಸಲ ಸಾಲಾಗಿ ಬರುತ್ತಿತ್ತು. ಬಫರನ್ನು ತುಂಬಿಸುವುದಷ್ಟೇ ಆ ಅಕ್ಷರಗಳ ಕೆಲಸ. ಅದರ ಬಾಲದಲ್ಲಿದ್ದ ಬೈಟ್‌ಗಳು ಸರ್ವರ್‌ನ ಚುಕ್ಕಾಣಿ ಹಿಡಿಯುತ್ತಿದ್ದವು. ಜುಲೈ 19ರಂದು ಹದಿನಾಲ್ಕು ಗಂಟೆಯೊಳಗೆ ಸುಮಾರು 3,59,000 ಯಂತ್ರಗಳು ಅದರ ವಶವಾದವು. ಹುಳು ಡಿಸ್ಕಿನಲ್ಲಿ ಏನನ್ನೂ ಬರೆಯುತ್ತಿರಲಿಲ್ಲ, ಮೆಮೊರಿಯಲ್ಲೇ ಇರುತ್ತಿತ್ತು. ಯಂತ್ರ ಆರಿಸಿ ಹಚ್ಚಿದರೆ ಹೋಗುತ್ತಿತ್ತು. ತಿದ್ದುಪಡಿ ಹಾಕದೆ ಮತ್ತೆ ಜಾಲಕ್ಕೆ ಜೋಡಿಸಿದರೆ ಇನ್ನೊಂದು ಯಂತ್ರದಿಂದ ಮರಳಿ ಬರುತ್ತಿತ್ತು. ಔಷಧ ಬಂದು ಒಂದು ತಿಂಗಳಾಗಿತ್ತು. ಕುಡಿಯದೆ ಇಟ್ಟವರಿಗೆ ರೋಗ ಬಂತು.

ಕೋಡ್ ರೆಡ್ ಹಬ್ಬಿದ ಹೊತ್ತಿನಲ್ಲೇ ಕರ್ನಾಟಕದ ತಾಲೂಕು ಕಚೇರಿಗಳಲ್ಲಿ ‘ಭೂಮಿ’ ಯೋಜನೆ ಬೇರೂರುತ್ತಿತ್ತು. ಸುಮಾರು 67 ಲಕ್ಷ ಜಮೀನುದಾರರ ಎರಡು ಕೋಟಿ ದಾಖಲೆ ಕಂಪ್ಯೂಟರಿಗೆ ಏರಿದವು. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಗೆ ಆಗ ಐದೇ ತಾಲೂಕು. ಲಕ್ಷ್ಮೇಶ್ವರದವರು ಉತಾರಕ್ಕೆ ಶಿರಹಟ್ಟಿಗೆ ಹೋಗಬೇಕಿತ್ತು. ಆ ಕಾಲದ ವ್ಯವಸ್ಥೆಯಲ್ಲಿ ಆಯಾ ತಾಲೂಕಿನ ದಾಖಲೆ ಆಯಾ ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಹೊರಗಿನ ಹುಳು ಹುಡುಕಿ ಬರುವ ಹಾದಿ ಅದಾಗಿರಲಿಲ್ಲ.

ಈಗ ಹಾದಿ ತೆರೆದಿದೆ. ಉತಾರ, ನೋಂದಣಿ, ಬೆಳೆ ವಿಮೆ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ, ಗದಗ ಎಪಿಎಂಸಿಯ ಆನ್‌ಲೈನ್ ಟೆಂಡರ್ ಎಲ್ಲವೂ ವೆಬ್ ಸರ್ವರ್‌ನ ಮೂಲಕವೇ. ಸರ್ವರ್ ಎಂದರೇನು ಎಂದು ನಮ್ಮ ರೈತರಿಗೆ ಯಾರೂ ಪಾಠ ಹೇಳಲಿಲ್ಲ, ಆದರೂ ಆ ಮಾತು ಅವರಿಗೆ ಬಾಯಿಪಾಠ. ಗ್ರಾಮ ಒನ್ ಕೇಂದ್ರದಲ್ಲಿ ಸರದಿ ಹಚ್ಚಿದವರಿಗೆ ‘ಸರ್ವರ್ ಇಲ್ಲರೀ, ನಾಳಿ ಬರ್ರಿ’ ಎನ್ನುವ ಉತ್ತರ ಸಿಗುತ್ತದೆ. ಮುಂಡರಗಿ ತಾಲೂಕಿನ ಮೂಲೆಯ ಹಳ್ಳಿಯಿಂದ ದಿನಗೂಲಿ ಬಿಟ್ಟು ಬಂದ ಹೆಣ್ಣುಮಗಳಿಗೆ ಆ ‘ನಾಳಿ’ ಎಷ್ಟು ತುಟ್ಟಿ ಎಂದು ಬಿಡಿಸಿ ಹೇಳಬೇಕಿಲ್ಲ.

ಸರ್ವರ್ ಇಲ್ಲ ಎನ್ನುವುದಕ್ಕೆಲ್ಲ ದಾಳಿ ಕಾರಣವಲ್ಲ. ವಿದ್ಯುತ್ತು, ಕೇಬಲ್ಲು, ಹೆಚ್ಚಾದ ಬಳಕೆ, ಏನೂ ಇರಬಹುದು. ದಾಳಿಯಲ್ಲೂ ಬಗೆಗಳಿವೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ನಡೆದದ್ದು ಡಿಡಿಒಎಸ್ ದಾಳಿ. ಸುಳ್ಳು ಕೋರಿಕೆಗಳನ್ನು ಒಂದೇ ಸಮನೆ ಸುರಿದು ನಿಜವಾದ ಜನ ಒಳಗೆ ಹೋಗದಂತೆ ಮಾಡುವ ದಾಳಿ ಅದು. ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ನಿಂತಿತು, ಪೊಲೀಸರಿಗೆ ದೂರು ಹೋಯಿತು. ಡಿಡಿಒಎಸ್ ಎಲ್ಲರ ಕಣ್ಣಿಗೆ ಕಾಣುತ್ತದೆ, ಸುದ್ದಿಯಾಗುತ್ತದೆ, ಸುರಿತ ನಿಂತರೆ ಮುಗಿಯುತ್ತದೆ. ಬಫರ್ ಓವರ್‌ಫ್ಲೋ ಹಿಡಿದು ಒಳಬಂದವನು ಸದ್ದು ಮಾಡುವುದಿಲ್ಲ. ಸರ್ವರ್ ಚೆನ್ನಾಗಿ ನಡೆಯುತ್ತಲೇ ಇರುತ್ತದೆ. ಅದು ನಡೆಯುತ್ತಿದ್ದಷ್ಟೂ ಅವನಿಗೆ ಲಾಭ. ಹಾಗಾಗಿ ‘ನಮ್ಮ ಸೈಟು ಬರೋಬ್ಬರಿ ಓಡಾಕತ್ತೈತಿ’ ಎನ್ನುವುದು ಸುರಕ್ಷತೆಗೆ ಸಾಕ್ಷಿಯಾಗದು.

ಒಳಬರದೆಯೂ ಕದಿಯಬಹುದು. 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಸಹ ಓಪನ್‌ಎಸ್‌ಎಸ್‌ಎಲ್‌ನದೇ ದೋಷ. ಅಲ್ಲಿ ಬಫರಿನ ಆಚೆ ಬರೆಯುತ್ತಿರಲಿಲ್ಲ, ಆಚೆಯದನ್ನು ಓದಿ ಕೊಟ್ಟುಬಿಡುತ್ತಿತ್ತು. ಕೇಳಿದವರಿಗೆ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಮೆಮೊರಿ, ಅದರಲ್ಲಿ ಏನಿದ್ದರೆ ಅದು: ಪಾಸ್‌ವರ್ಡ್, ಗುಪ್ತ ಕೀಲಿ, ಇನ್ನೊಬ್ಬರ ಪತ್ರ. ಎರಡು ವರ್ಷ ಅದು ಹಾಗೆಯೇ ಇತ್ತು.

ಹಾಗಾದರೆ 2022ರ ನವೆಂಬರ್ 1ರ ದೋಷದಿಂದ ಏಕೆ ಅನಾಹುತವಾಗಲಿಲ್ಲ? ಇಲ್ಲಿ ಸಮಾಧಾನ ಪಡಬಹುದಾದ ಕಥೆಯಿದೆ. ಮೊದಲು ‘ಅತಿ ಗಂಭೀರ’ ಎಂದಿದ್ದನ್ನು ಓಪನ್‌ಎಸ್‌ಎಸ್‌ಎಲ್ ನೋಡಿಕೊಳ್ಳುವವರೇ ಒಂದು ಮೆಟ್ಟಿಲು ಇಳಿಸಿದರು. ದಾಳಿಗೆ ಹಲವು ಷರತ್ತುಗಳು ಕೂಡಿಬರಬೇಕಿತ್ತು. ಸಂಪರ್ಕಿಸುವವರ ಡಿಜಿಟಲ್ ಪ್ರಮಾಣಪತ್ರ ಕೇಳುವ ಸರ್ವರ್ ಆಗಿರಬೇಕು, ಆ ಪ್ರಮಾಣಪತ್ರದ ಇಮೇಲ್ ವಿಳಾಸದೊಳಗೆ ದುರುದ್ದೇಶದ ಪ್ಯುನಿಕೋಡ್ ಹೆಸರು ಅಡಗಿರಬೇಕು. ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಹೆಚ್ಚಾದ ನಾಲ್ಕು ಬೈಟ್ ಬೀಳುತ್ತಿದ್ದದ್ದು ಇನ್ನೂ ಬಳಕೆಗೆ ಬಾರದ ಜಾಗದ ಮೇಲೆ. ಇದಲ್ಲದೆ ಕಳೆದ ಎರಡೂವರೆ ದಶಕದಲ್ಲಿ ಕಟ್ಟಿದ ಕಾವಲುಗಳು ಕೆಲಸಕ್ಕೆ ಬಂದವು. ಬಫರಿಗೂ ಮರಳುವ ವಿಳಾಸಕ್ಕೂ ನಡುವೆ ಒಂದು ರಹಸ್ಯ ಸಂಖ್ಯೆ ಇಟ್ಟು ಅದು ಕೆಟ್ಟಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುವ ವಿಧಾನ 1998ರಲ್ಲಿ ಬಂತು. ದತ್ತಾಂಶದ ಜಾಗದಲ್ಲಿರುವುದನ್ನು ಆಜ್ಞೆಯಾಗಿ ನಡೆಸದಂತೆ ತಡೆಯುವ ರಕ್ಷಣೆ 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಸೇರಿತು. ಪ್ರತಿ ಸಲ ಮೆಮೊರಿಯ ವಿಳಾಸಗಳನ್ನು ಕಲಸಿ ಬೇರೆ ಬೇರೆ ಮಾಡುವ ಉಪಾಯವೂ ಬಂತು. ಇವೆಲ್ಲ ಹೊಸ ವ್ಯವಸ್ಥೆಗಳಲ್ಲಿ ತಾವಾಗಿಯೇ ಇರುತ್ತವೆ.

ಹಳೆಯವುಗಳ ಗತಿಯೇ ಬೇರೆ. ವಿಂಡೋಸ್ ಸರ್ವರ್ 2003ಕ್ಕೆ ಮೈಕ್ರೋಸಾಫ್ಟ್ 2015ರ ಜುಲೈ 14ರಂದು ಬೆಂಬಲ ನಿಲ್ಲಿಸಿತು. 2017ರ ಮಾರ್ಚ್‌ನಲ್ಲಿ ಅದರ ಐಐಎಸ್ 6.0 ವೆಬ್ ಸರ್ವರ್‌ನಲ್ಲಿ ಬಫರ್ ಓವರ್‌ಫ್ಲೋ ಇರುವುದು ಬಹಿರಂಗವಾಯಿತು. ದುಷ್ಕರ್ಮಿಗಳು 2016ರಿಂದಲೇ ಅದನ್ನು ಬಳಸುತ್ತಿದ್ದರು. ಎಷ್ಟೋ ಯಂತ್ರಗಳು ಇನ್ನೂ ಓಡುತ್ತಿದ್ದುದರಿಂದ ಕಂಪನಿ ತನ್ನ ನಿಯಮ ಸಡಿಲಿಸಿ ಜೂನ್‌ನಲ್ಲಿ ತಿದ್ದುಪಡಿ ಕೊಡಬೇಕಾಯಿತು. ಪ್ರತಿ ಸಲ ಹಾಗೆ ಕೊಡುವುದಿಲ್ಲ.

ಇನ್ನೊಂದು ಬಗೆಯ ಹಳೆಯ ಸರ್ವರ್ ನಮ್ಮ ಅಂಗಡಿಗಳ ಗೋಡೆಯ ಮೇಲೇ ಇದೆ. ಗದುಗಿನ ಪೇಟೆಯಲ್ಲಿ ಸಿಸಿಟಿವಿ ಇಲ್ಲದ ದೊಡ್ಡ ಅಂಗಡಿ ಸಿಗುವುದು ಕಷ್ಟ. ಮೊಬೈಲಿನಲ್ಲಿ ನೋಡಲಿಕ್ಕೆಂದು ಜಾಲಕ್ಕೆ ಜೋಡಿಸಿದ ಡಿವಿಆರ್‌ನ ಒಳಗೆ, ಮನೆಯ ವೈಫೈ ರೂಟರ್‌ನ ಒಳಗೆ ಒಂದೊಂದು ಪುಟ್ಟ ವೆಬ್ ಸರ್ವರ್ ಇರುತ್ತದೆ. ಅಂಥದೊಂದು ಸರ್ವರ್ ‘ಬೋವಾ’. ಅದನ್ನು ಬರೆದವರು 2005ರಲ್ಲೇ ಕೈಬಿಟ್ಟರು. ಆದರೂ ಸಾಧನ ತಯಾರಿಸುವವರು ಬಳಸುತ್ತಲೇ ಹೋದರು. 2022ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ವರದಿ, ಭಾರತದ ವಿದ್ಯುತ್ ಜಾಲವನ್ನು ಗುರಿಯಾಗಿಸಿದ ದಾಳಿಯ ಜಾಡಿನಲ್ಲಿ ಬೋವಾ ಇರುವುದನ್ನು ತೋರಿಸಿತು. ಒಂದೇ ವಾರದಲ್ಲಿ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಬೋವಾ ಘಟಕಗಳು ಜಾಲಕ್ಕೆ ತೆರೆದಿರುವುದನ್ನು ಎಣಿಸಿತು. ಅದರಲ್ಲಿ ಹೆಸರಿಸಿದ ದೋಷಗಳು ಓವರ್‌ಫ್ಲೋ ಜಾತಿಯವಲ್ಲ, ಆದರೆ ಪಾಠ ಅದೇ. ಕಪ್ಪತಗುಡ್ಡದ ಆಸುಪಾಸು ಸಾಲಾಗಿ ಗಾಳಿಯಂತ್ರ ನಿಂತಿರುವ ನಮ್ಮ ಜಿಲ್ಲೆಯಲ್ಲಿ ವಿದ್ಯುತ್ ಜಾಲದ ಸುರಕ್ಷತೆ ದೂರದ ಸುದ್ದಿಯಾಗಿ ಉಳಿಯಲಾರದು.

ಈ ತಪ್ಪು ಇಷ್ಟು ಗಟ್ಟಿಯಾಗಿ ಬದುಕಿರುವುದಕ್ಕೆ ಮುಖ್ಯ ಕಾರಣ ಸಿ ಭಾಷೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಕಟ್ಟಿದ ಸಿ ವೇಗದ ಭಾಷೆ, ಯಂತ್ರಕ್ಕೆ ಹತ್ತಿರದ್ದು. ಅಪಾಚೆ, ಎಂಜಿನ್ಎಕ್ಸ್, ಓಪನ್‌ಎಸ್‌ಎಸ್‌ಎಲ್ ಎಲ್ಲವೂ ಅದರಲ್ಲೇ ಇವೆ. ಆದರೆ ಬಫರಿನ ಅಳತೆ ನೋಡುವುದನ್ನು ಅದು ಬರೆಯುವವರ ಹೆಗಲಿಗೆ ಬಿಟ್ಟಿದೆ. ‘ಗೆಟ್ಸ್’ ಎಂಬ ಅದರ ಆಜ್ಞೆಗೆ ಬಫರ್ ಎಷ್ಟು ದೊಡ್ಡದು ಎಂದು ಹೇಳುವ ಅವಕಾಶವೇ ಇಲ್ಲ. ಸಾಲು ಮುಗಿಯುವವರೆಗೂ ಓದಿ ತುಂಬುತ್ತದೆ. ಮೋರಿಸ್‌ನ ಹುಳು ಹೊಕ್ಕದ್ದು ಈ ಆಜ್ಞೆಯ ಮೂಲಕವೇ. 2011ರಲ್ಲಿ ಸಿ ಭಾಷೆಯ ಮಾನಕದಿಂದ ಗೆಟ್ಸ್ ಅನ್ನು ತೆಗೆದೇಬಿಟ್ಟರು. ಹಳೆಯ ಪಠ್ಯಗಳಲ್ಲಿ, ಲ್ಯಾಬ್ ಟಿಪ್ಪಣಿಗಳಲ್ಲಿ ಅದು ಉಳಿದುಕೊಂಡಿದೆ. ನಕಲು ಮಾಡುವ ‘ಸ್ಟ್ರಿಂಗ್ ಕಾಪಿ’ ಆಜ್ಞೆಯೂ ಅಳತೆ ಕೇಳುವುದಿಲ್ಲ, ಅದಂತೂ ಎಲ್ಲೆಲ್ಲೂ ಇದೆ. ತನ್ನ ತಂತ್ರಾಂಶಗಳಲ್ಲಿ ಸಿಗುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಮೆಮೊರಿಯನ್ನು ತಪ್ಪಾಗಿ ಬಳಸಿದ್ದರಿಂದಲೇ ಬಂದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಗೂಗಲ್‌ನ ಕ್ರೋಮ್ ಬ್ರೌಸರ್ ತಂಡದ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ರಸ್ಟ್‌ನಂಥ ಹೊಸ ಭಾಷೆಗಳು ಅಳತೆ ಮೀರಿ ಬರೆಯಲು ಬಿಡುವುದಿಲ್ಲ. 2024ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರ ಕಚೇರಿಯೇ ಅಂಥ ಭಾಷೆಗಳಿಗೆ ಹೊರಳಿರಿ ಎಂದು ವರದಿ ಹೊರಡಿಸಿತು.

ಗದುಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿ ಕಲಿಸುವ ಗುರುಗಳಲ್ಲಿ ನನ್ನದೊಂದು ಬೇಡಿಕೆ. ಮೊದಲ ವಾರವೇ ಹುಡುಗರಿಂದ ತಮ್ಮ ಪೂರ್ಣ ಹೆಸರನ್ನು, ಊರು-ಅಡ್ಡಹೆಸರು ಸಹಿತ, ಕನ್ನಡದಲ್ಲಿ ಹತ್ತು ಬೈಟಿನ ಬಫರಿಗೆ ತುಂಬಿಸಿ. ಪ್ರೋಗ್ರಾಮು ಕುಸಿಯುವುದನ್ನೋ, ಕುಸಿಯದೆ ಪಕ್ಕದ ಸಂಖ್ಯೆಯನ್ನು ಕೆಡಿಸುವುದನ್ನೋ ಅವರು ಕಣ್ಣಾರೆ ನೋಡಲಿ. ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷೆ ಮಾಡಿದವರಿಗೆ ಹಿಡಿಸಿದಂತೆ ಕಾಣುವ ಜಾಗ ಕನ್ನಡಕ್ಕೆ ಸಾಲುವುದಿಲ್ಲ ಎಂಬುದು ನಮ್ಮ ಮಕ್ಕಳಿಗೆ ಬೇಗ ತಿಳಿಯುತ್ತದೆ. ಪುಲಿಗೆರೆಯನ್ನು ಕನ್ನಡದ ತಿರುಳಿನ ನಾಡಿನಲ್ಲಿ ಎಣಿಸಿದ್ದು ಕವಿರಾಜಮಾರ್ಗ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕನ್ನಡದ ಬೈಟುಗಳ ಲೆಕ್ಕವನ್ನು ಜಗತ್ತಿಗೆ ಹೇಳಿಕೊಡುವ ಪ್ರೋಗ್ರಾಮರ್‌ಗಳು ಅಲ್ಲಿಂದ ಬಂದರೆ ಎಷ್ಟು ಚೆಂದ.

ಉದ್ದ ಹೆಸರಿನದು ತಪ್ಪಲ್ಲ, ಅಳೆಯದೆ ಬರೆದ ಪ್ರೋಗ್ರಾಮಿನದು ತಪ್ಪು. ಅರ್ಜಿ ತುಂಬುವಾಗ ‘ಹೆಸರು ಗಿಡ್ಡ ಮಾಡ್ರಿ, ಇಂಗ್ಲಿಷ್‌ನ್ಯಾಗ ಹಾಕ್ರಿ’ ಎಂದು ಜನರಿಗೆ ಹೇಳುವುದು ಈ ದೋಷಕ್ಕೆ ಮದ್ದಲ್ಲ. ಕೇಡು ಬಯಸುವವನು ಅರ್ಜಿ ನಮೂನೆ ನೋಡಿಕೊಂಡು ಬರುವುದಿಲ್ಲ, ಸೀದಾ ಸರ್ವರ್‌ಗೇ ತನಗೆ ಬೇಕಾದಷ್ಟು ಉದ್ದ ಕಳಿಸುತ್ತಾನೆ. ಅಳತೆ ಸರ್ವರ್‌ನೊಳಗೇ ನಡೆಯಬೇಕು, ಅದೂ ಬೈಟ್‌ಗಳಲ್ಲಿ.

ಪತ್ತಿನ ಸಂಘ, ಶಾಲೆ, ಮಠ, ಆಸ್ಪತ್ರೆ, ಪತ್ರಿಕೆ ಯಾವುದೇ ಇರಲಿ, ಜಾಲತಾಣ ಇಟ್ಟುಕೊಂಡವರು ಅದನ್ನು ಮಾಡಿಕೊಟ್ಟವರಿಗೆ ಇದೇ ವಾರ ಫೋನ್ ಮಾಡಿ. ಯಾವ ವೆಬ್ ಸರ್ವರ್, ಯಾವ ಆವೃತ್ತಿ, ಕೊನೆಯ ಸಲ ತಿದ್ದುಪಡಿ ಹಾಕಿದ್ದು ಯಾವಾಗ, ತಯಾರಕರ ಬೆಂಬಲ ಇನ್ನೂ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವರ್ಷದ ಹಣ ಕೊಡುವಾಗ ತಿದ್ದುಪಡಿ ಹಾಕುವ ಕೆಲಸವೂ ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ. ಡಿವಿಆರ್, ರೂಟರ್‌ಗಳನ್ನು ಹೊರಗಿನ ಜಾಲಕ್ಕೆ ತೆರೆದಿಡಬೇಡಿ, ಕೂರಿಸಿಕೊಟ್ಟವರಿಂದಲೇ ಅವುಗಳ ತಂತ್ರಾಂಶವನ್ನು ಹೊಸದು ಮಾಡಿಸಿ. ಯಂತ್ರದೊಳಗೆ ಯಾರೋ ಹೊಕ್ಕಿದ್ದಾರೆ ಎಂಬ ಗುಮಾನಿ ಬಂದರೆ ಮುಚ್ಚಿಡಬೇಡಿ. 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಅಂಥ ಘಟನೆಯನ್ನು ತಿಳಿದುಬಂದ ಆರು ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು, ಸರ್ವರ್‌ನ ಲಾಗ್‌ಗಳನ್ನು 180 ದಿನ ಕಾಪಾಡಿ ಇಟ್ಟಿರಬೇಕು. ಸರ್ಟ್-ಇನ್‌ನ ಉಚಿತ ದೂರವಾಣಿ 1800-11-4949.